ಯೆಹೂದಿ–ಅರಬ್ ಮದುವೆ ತಡೆಯಲು ಬೀದಿಗಿಳಿದವರು: ಇದು ಧರ್ಮವಾ, ಉಗ್ರವಾದವಾ?

ಪ್ರಶ್ನೆ: ಇಸ್ರೇಲಿನಲ್ಲಿ ಯೆಹೂದಿ ಹುಡುಗಿ, ಮುಸ್ಲಿಂ ಹುಡುಗನ ಮದುವೆ ಛತ್ರದ ಹೊರಗೆ ಲೆಹಾವಾ ಎಂಬ ಸಂಘಟನೆಯವರು ಘೋಷಣೆ ಕೂಗುತ್ತಿದ್ದ ಹಳೆಯ ವಿಡಿಯೊ ನೋಡಿದೆ. ಯೆಹೂದಿ ಧರ್ಮವೇ ಹೊರಗಿನವರನ್ನು ಮದುವೆಯಾಗಬೇಡಿ ಅನ್ನುತ್ತದೆ ಅಲ್ವಾ? ಹಾಗಿದ್ದ ಮೇಲೆ ಇವರನ್ನು ಉಗ್ರರು ಅಂತ ಯಾಕೆ ಕರೀತಾರೆ? ಅಷ್ಟು ಕೆಟ್ಟವರಾಗಿದ್ದರೆ ಅಲ್ಲಿನ ಸರ್ಕಾರ ಯಾಕೆ ನಿಷೇಧ ಹಾಕಿಲ್ಲ?

ಉತ್ತರ: ನಿಮ್ಮ ಮೊದಲ ಮಾತು ಸರಿ. ಯೆಹೂದಿ ಧರ್ಮಶಾಸ್ತ್ರ ಬೇರೆ ಧರ್ಮದವರ ಜೊತೆಗಿನ ಮದುವೆಯನ್ನು ಒಪ್ಪುವುದಿಲ್ಲ. ಬೈಬಲಿನ ಧರ್ಮೋಪದೇಶಕಾಂಡದ 7ನೇ ಅಧ್ಯಾಯದಲ್ಲೇ ಆ ನೆಲದ ಬೇರೆ ಜನಾಂಗಗಳಿಂದ ಹೆಣ್ಣು ತರಬಾರದು, ಅವರಿಗೆ ಹೆಣ್ಣು ಕೊಡಬಾರದು ಎಂದಿದೆ. ಬಾಬಿಲೋನಿನ ಸೆರೆಯಿಂದ ಜನ ವಾಪಸ್ ಬಂದಾಗ, ಹೊರಗಿನ ಹೆಂಡತಿಯರನ್ನು ಕಳಿಸಿಬಿಡಿ ಎಂದು ಧರ್ಮಗುರು ಎಜ್ರನು ಹೇಳಿದ ಕಥೆಯೂ ಇದೆ. ಆದರೆ ಅದೇ ಬೈಬಲಿನಲ್ಲಿ ಮೋಶೆಯ ಹೆಂಡತಿ ಮಿದ್ಯಾನಿನವಳು, ರಾಜ ದಾವೀದನ ಮುತ್ತಜ್ಜಿ ರೂತಳು ಮೋವಾಬಿನವಳು. ರೂತಳು ಯೆಹೂದಿ ದೇವರನ್ನು ಒಪ್ಪಿ ಬಂದವಳು ಅಂತ ಪಂಡಿತರು ವಿವರಿಸುತ್ತಾರೆ, ಅದೂ ಸರಿ. ಒಟ್ಟಿನಲ್ಲಿ ಮತಾಂತರವಾಗದವರನ್ನು ಮದುವೆಯಾಗುವುದು ಆರ್ಥೊಡಾಕ್ಸ್, ಅಂದರೆ ಸಂಪ್ರದಾಯಸ್ಥ ಯೆಹೂದಿಗಳಿಗೆ ನಿಷಿದ್ಧ.

ಈ ನಿಷೇಧದ ಹಿಂದೆ ನಿಜವಾದ ಭಯವೂ ಇದೆ. ಜಗತ್ತಿನಲ್ಲಿ ಯೆಹೂದಿಗಳು ಇರುವುದೇ ಸುಮಾರು ಒಂದೂವರೆ ಕೋಟಿ. ಹಿಟ್ಲರನ ಕಾಲದಲ್ಲಿ 60 ಲಕ್ಷ ಜನರನ್ನು ಕೊಂದರು. ಅಮೆರಿಕದಲ್ಲಿ ಪ್ಯೂ ಸಂಸ್ಥೆ 2020ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, 2010ರ ನಂತರ ಮದುವೆಯಾದ ಯೆಹೂದಿಗಳಲ್ಲಿ ಶೇಕಡಾ 61ರಷ್ಟು ಜನರ ಸಂಗಾತಿ ಯೆಹೂದಿಯಲ್ಲ. ಹೀಗೇ ಹೋದರೆ ನಾಲ್ಕು ತಲೆಮಾರಿನ ನಂತರ ಸಬ್ಬತ್, ಅಂದರೆ ವಾರದ ಪವಿತ್ರ ವಿಶ್ರಾಂತಿ ದಿನದ ದೀಪ ಹಚ್ಚುವವರು ಯಾರು ಎಂದು ಒಬ್ಬ ಅಜ್ಜಿ ಕೇಳಿದರೆ ನಾನು ಅವರನ್ನು ಉಗ್ರವಾದಿ ಅನ್ನುವುದಿಲ್ಲ. ಮಗ ನಮ್ಮವರಲ್ಲೇ ಮದುವೆಯಾಗಲಿ ಎಂದು ಆಸೆಪಡುವುದು, ಅದಕ್ಕಾಗಿ ಬುದ್ಧಿ ಹೇಳುವುದು, ಬೇಜಾರು ಮಾಡಿಕೊಳ್ಳುವುದು, ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಆ ಮದುವೆ ಮಾಡಿಸಲ್ಲ ಎನ್ನುವುದು, ಇದೆಲ್ಲ ಒಂದು ಸಮುದಾಯದ ಒಳಗಿನ ವಿಷಯ. ಬೆದರಿಕೆ, ಪತ್ತೇದಾರಿ, ಹೊಡೆತ ಶುರುವಾದರೆ ಅದು ಉಗ್ರವಾದ. ಆದರೆ ನನ್ನ ಪ್ರಕಾರ ಅದು ಶುರುವಾಗುವುದು ಅದಕ್ಕೂ ಒಂದು ಹೆಜ್ಜೆ ಮುಂಚೆ, ಹೆಣ್ಣು 'ಇದು ನನ್ನ ಆಯ್ಕೆ' ಎಂದು ಹೇಳಿದರೂ ಆ ಮಾತನ್ನು ನಂಬುವುದೇ ಇಲ್ಲ ಎಂದು ತೀರ್ಮಾನ ಮಾಡಿದ ದಿನ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಲೆಹಾವಾ ಎಲ್ಲಿಂದ ಬಂತು ಅಂತ ನೋಡೋಣ, ಯಾಕೆಂದರೆ ಅದರ ಬೇರು ಧರ್ಮಶಾಸ್ತ್ರಕ್ಕಿಂತ ಜಾಸ್ತಿ ಒಬ್ಬ ರಾಜಕಾರಣಿಯ ಹತ್ತಿರ ಹೋಗುತ್ತದೆ.

ಆತನ ಹೆಸರು ಮೆಯಿರ್ ಕಹಾನೆ. 1932ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ರಬ್ಬಿ. 1968ರಲ್ಲಿ ಅಲ್ಲಿ ಯೆಹೂದಿ ರಕ್ಷಣಾ ಲೀಗ್ ಕಟ್ಟಿದ, 1971ರಲ್ಲಿ ಇಸ್ರೇಲಿಗೆ ಹೋದ, ಕಾಖ್ ಎಂಬ ಪಕ್ಷ ಮಾಡಿದ. ಅರಬರನ್ನು ದೇಶದಿಂದ ಹೊರಗೆ ಹಾಕಬೇಕು ಎಂಬುದೇ ಅವನ ಮುಖ್ಯ ಮಾತು. 1984ರಲ್ಲಿ ಚುನಾವಣಾ ಸಮಿತಿ ಆ ಪಕ್ಷವನ್ನು ತಡೆಯಿತು, ಆದರೆ ಹಾಗೆ ತಡೆಯಲು ಕಾನೂನೇ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು, ಕಹಾನೆ ಒಂದು ಸೀಟು ಗೆದ್ದು ಕ್ನೆಸೆಟ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ ಬಂದೇಬಿಟ್ಟ. ಬಂದವನು ಏನು ಮಾಡಿದ ಗೊತ್ತಾ? ಯೆಹೂದಿಗಳು ಮತ್ತು ಯೆಹೂದಿಯಲ್ಲದವರ ನಡುವೆ ಮದುವೆಯನ್ನೂ ಲೈಂಗಿಕ ಸಂಬಂಧವನ್ನೂ ಅಪರಾಧ ಮಾಡುವ ಮಸೂದೆ ತಂದ. ಆಗ ಲಿಕುಡ್ ಪಕ್ಷದ ಸಂಸದ ಮೈಕೆಲ್ ಐತಾನ್ ಆ ಮಸೂದೆಗಳನ್ನು 1935ರ ನಾಜಿ ನ್ಯೂರೆಂಬರ್ಗ್ ಕಾನೂನುಗಳ ಪಕ್ಕದಲ್ಲಿಟ್ಟು, ಒಂದೊಂದೇ ಕಲಮು ಹೋಲಿಸಿ ತೋರಿಸಿದರು. ಯೆಹೂದಿ ಮತ್ತು ಜರ್ಮನ್ ಮದುವೆಯಾಗಬಾರದು ಎಂದಿದ್ದ ಕಾನೂನು ಅದು. ಐತಾನ್ ಎಡಪಂಥೀಯರಲ್ಲ, ಬಲಪಂಥೀಯ ಪಕ್ಷದವರೇ. ಕಹಾನೆ ಮಾತಾಡಲು ಎದ್ದರೆ ಲಿಕುಡ್ ನಾಯಕ ಯಿಟ್ಝಾಕ್ ಶಮೀರ್ ಸೇರಿ ಎಲ್ಲರೂ ಎದ್ದು ಹೊರಗೆ ಹೋಗುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ನಂತರದ ಕಥೆಗೆ ಬೇಕಾಗುತ್ತದೆ.

1985ರಲ್ಲಿ ಕ್ನೆಸೆಟ್ ತನ್ನ ಮೂಲ ಕಾನೂನಿಗೆ ತಿದ್ದುಪಡಿ ತಂದಿತು: ಜನಾಂಗ ದ್ವೇಷಕ್ಕೆ ಪ್ರಚೋದಿಸುವ ಪಕ್ಷ ಚುನಾವಣೆಗೆ ನಿಲ್ಲುವಂತಿಲ್ಲ. 1988ರಲ್ಲಿ ಕಾಖ್ ಸ್ಪರ್ಧೆಯಿಂದ ಹೊರಬಿತ್ತು. 1990ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಹಾನೆಯ ಕೊಲೆಯಾಯಿತು. 1994ರ ಫೆಬ್ರವರಿ 25ರಂದು ಅವನ ಅನುಯಾಯಿ, ವೃತ್ತಿಯಲ್ಲಿ ಡಾಕ್ಟರ್, ಬರೂಖ್ ಗೋಲ್ಡ್‌ಸ್ಟೀನ್, ಹೆಬ್ರಾನಿನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಮರು ತಿಂಗಳೇ ಇಸ್ರೇಲ್ ಸರ್ಕಾರ ಕಾಖ್ ಮತ್ತು ಅದರ ಕವಲಾದ ಕಹಾನೆ ಖಾಯ್ ಎರಡನ್ನೂ ಭಯೋತ್ಪಾದಕ ಸಂಘಟನೆ ಎಂದು ನಿಷೇಧಿಸಿತು. ಅಂದರೆ ನಿಷೇಧ ಹಾಕಲು ಇಸ್ರೇಲಿಗೆ ಬರುವುದಿಲ್ಲ ಅಂತಲ್ಲ. ಒಮ್ಮೆ ಹಾಕಿದೆ.

ಸಂಘಟನೆಗೆ ಬೀಗ ಬಿತ್ತು, ಜನ ಎಲ್ಲಿಗೆ ಹೋಗುತ್ತಾರೆ? ಕಹಾನೆಯ ಶಿಷ್ಯ ಬೆನ್ಟ್ಸಿ ಗೋಪ್‌ಸ್ಟೀನ್ 2000ದ ದಶಕದಲ್ಲಿ ಲೆಹಾವಾ ಶುರುಮಾಡಿದ. ಗುರುವಿನ ದೊಡ್ಡ ಕಾರ್ಯಕ್ರಮದಿಂದ ಒಂದೇ ಒಂದು ಎಳೆಯನ್ನು ಹಿಡಿದುಕೊಂಡ, ಯೆಹೂದಿ ಹೆಣ್ಣುಮಕ್ಕಳು ಅರಬರ ಜೊತೆ ಹೋಗದಂತೆ ತಡೆಯುವುದು. ಇದು ತುಂಬಾ ಲೆಕ್ಕಾಚಾರದ ಆಯ್ಕೆ. ಅರಬರನ್ನು ದೇಶದಿಂದ ಓಡಿಸಿ ಎಂದರೆ ಮಾಮೂಲಿ ಜನ ಮುಖ ಸಿಂಡರಿಸುತ್ತಾರೆ. ನಿಮ್ಮ ಮಗಳು ಹುಷಾರು ಎಂದರೆ ಬಾಗಿಲು ತೆಗೆದು ಒಳಗೆ ಕೂರಿಸುತ್ತಾರೆ. ಇಸ್ರೇಲಿನಲ್ಲಿ ಪ್ಯೂ ನಡೆಸಿದ, 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇಕಡಾ 97ರಷ್ಟು ಯೆಹೂದಿಗಳು ತಮ್ಮ ಮಗ ಅಥವಾ ಮಗಳು ಮುಸ್ಲಿಮರನ್ನು ಮದುವೆಯಾದರೆ ತಮಗೆ ಇಷ್ಟವಾಗುವುದಿಲ್ಲ ಎಂದಿದ್ದರು. ಮುಸ್ಲಿಮರ ಕಡೆಯೂ ಹತ್ತರಲ್ಲಿ ಎಂಟು ಜನ ಯೆಹೂದಿ ಸಂಬಂಧ ಬೇಡ ಎಂದವರೇ. ಇಂಥ ನೆಲದಲ್ಲಿ ಲೆಹಾವಾ ಹೊಸ ಭಾವನೆ ಹುಟ್ಟಿಸಬೇಕಾಗಿರಲಿಲ್ಲ. ಇದ್ದ ಬೇಸರವನ್ನು ದ್ವೇಷ ಮಾಡಿದರೆ ಸಾಕಿತ್ತು.

ಅವರು ಮಾಡುವ ಕೆಲಸ ಹೀಗಿದೆ. ಕಪ್ಪು ಟೀ ಶರ್ಟ್ ಹಾಕಿದ ಹುಡುಗರು, ಬಹಳಷ್ಟು ಜನ ಹದಿಹರೆಯದವರು, ಜೆರುಸಲೇಮಿನ ಝಿಯೋನ್ ಚೌಕದಲ್ಲಿ ರಾತ್ರಿ ಓಡಾಡುತ್ತಾರೆ, ಕರಪತ್ರ ಹಂಚುತ್ತಾರೆ, ಅರಬ್ಬಿ ಮಾತಾಡುವವರನ್ನು ಕೆಣಕುತ್ತಾರೆ. ಯಾವುದಾದರೂ ಯೆಹೂದಿ ಹುಡುಗಿ ಅರಬ್ ಹುಡುಗನ ಜೊತೆ ಕಂಡರೆ ತಿಳಿಸಿ ಎಂದು ಫೋನ್ ನಂಬರ್ ಕೊಟ್ಟಿದ್ದಾರೆ. ಅರಬರನ್ನು ಕೆಲಸಕ್ಕೆ ಇಟ್ಟುಕೊಳ್ಳದ ಅಂಗಡಿಗಳಿಗೆ ಪ್ರಮಾಣಪತ್ರ ಕೊಟ್ಟಿದ್ದಾರೆ. 2010ರಲ್ಲಿ ರೂಪದರ್ಶಿ ಬಾರ್ ರಫೇಲಿಗೆ, ಹಾಲಿವುಡ್ ನಟ ಲಿಯೊನಾರ್ಡೊ ಡಿಕಾಪ್ರಿಯೊನನ್ನು ಮದುವೆಯಾಗಬೇಡಿ ಎಂದು ಪತ್ರ ಬರೆದರು. ಅದೇ ವರ್ಷದ ಕೊನೆಗೆ ಇವರ ಪ್ರೇರಣೆಯಿಂದ 27 ರಬ್ಬಿಗಳ ಹೆಂಡತಿಯರು ಇನ್ನೊಂದು ಪತ್ರಕ್ಕೆ ಸಹಿ ಹಾಕಿದರು. ಅರಬರ ಜೊತೆ ಸ್ನೇಹ ಬೇಡ, ಅವರು ಕೆಲಸ ಮಾಡುವ ಕಡೆ ಕೆಲಸವೂ ಬೇಡ ಅಂತ ಯೆಹೂದಿ ಹುಡುಗಿಯರಿಗೆ ಬರೆದ ಪತ್ರ ಅದು. ಅದಕ್ಕೆ ಸ್ವಲ್ಪ ಮೊದಲು, ಸಫೇದ್ ಊರಿನ ಮುಖ್ಯ ರಬ್ಬಿ ಶ್ಮುಯೆಲ್ ಎಲಿಯಾಹು ಮುಂದಾಳತ್ವದಲ್ಲಿ ಹತ್ತಾರು ಊರುಗಳ ರಬ್ಬಿಗಳು, ಸರ್ಕಾರದ ಸಂಬಳ ತೆಗೆದುಕೊಳ್ಳುವವರು, ಯೆಹೂದಿಯಲ್ಲದವರಿಗೆ ಮನೆ ಬಾಡಿಗೆಗೆ ಕೊಡಬೇಡಿ ಎಂದು ಬರೆದಿದ್ದರು. ಮದುವೆ ಒಂದೇ ವಿಷಯವಾಗಿದ್ದರೆ ಬಾಡಿಗೆ ಮನೆ, ಅಂಗಡಿ ಕೆಲಸ ಯಾಕೆ ಬಂತು? ಒಂದೇ ಬೀದಿಯಲ್ಲಿದ್ದರೆ, ಒಂದೇ ಕಡೆ ಕೆಲಸ ಮಾಡಿದರೆ ಪರಿಚಯ ಆಗುತ್ತದೆ, ಪರಿಚಯವಾದರೆ ಪ್ರೀತಿಯೂ ಆಗಬಹುದು, ಹಾಗಾಗಿ ಭೇಟಿಯೇ ಆಗಬಾರದು. ಮದುವೆ ತಡೆಯುವುದು ಎಂದು ಶುರುವಾದದ್ದು ಊರನ್ನೇ ಎರಡು ಮಾಡುವ ಕಡೆಗೆ ಹೋಗುವುದು ಹೀಗೆ.

ನೀವು ನೋಡಿದ ವಿಡಿಯೊ ಬಹುಶಃ 2014ರ ಆಗಸ್ಟ್ ತಿಂಗಳದ್ದು. ಜಾಫಾದ ಒಂದು ಜೋಡಿ, ಹುಡುಗ ಮುಸ್ಲಿಂ, ಹುಡುಗಿ ಯೆಹೂದಿಯಾಗಿ ಹುಟ್ಟಿ ಇಸ್ಲಾಂ ಸೇರಿದವಳು. ಗಾಜಾ ಯುದ್ಧ ನಡೆಯುತ್ತಿದ್ದ ಕಾಲ. ಲೆಹಾವಾ ಅವರ ಲಗ್ನಪತ್ರಿಕೆಯನ್ನೇ ಹರಡಿ, ಛತ್ರದ ಮುಂದೆ ಸೇರಿ ಎಂದು ಕರೆಕೊಟ್ಟಿತು. ಮದುಮಕ್ಕಳು ಕೋರ್ಟಿಗೆ ಹೋದರು. ಪ್ರತಿಭಟನೆ ಮಾಡಬಹುದು ಆದರೆ ಛತ್ರದಿಂದ 200 ಮೀಟರ್ ದೂರ ಇರಬೇಕು ಎಂದು ಕೋರ್ಟ್ ಹೇಳಿತು. ರಿಶೋನ್ ಲೆ ಝಿಯೋನ್ ಊರಲ್ಲಿ ಆ ರಾತ್ರಿ ಸುಮಾರು ಇನ್ನೂರು ಜನ 'ಅರಬರಿಗೆ ಸಾವು' ಎಂದು ಕೂಗಿದರು. ಇನ್ನೊಂದು ಕಡೆ ಮದುಮಕ್ಕಳಿಗೆ ಹಾರೈಸಲು ಹೂವು ಹಿಡಿದು ಬಂದ ಇಸ್ರೇಲಿಗಳೂ ಇದ್ದರು, ಅದನ್ನು ವಿಡಿಯೊಗಳಲ್ಲಿ ಜಾಸ್ತಿ ತೋರಿಸುವುದಿಲ್ಲ. ಆಗ ತಾನೇ ರಾಷ್ಟ್ರಪತಿಯಾಗಿದ್ದ ರೂವೆನ್ ರಿವ್ಲಿನ್ ಫೇಸ್‌ಬುಕ್‌ನಲ್ಲಿ ಬರೆದರು: ಎಲ್ಲರೂ ಇವರ ಸಂತೋಷದಲ್ಲಿ ಭಾಗಿಯಾಗಬೇಕಿಲ್ಲ, ಆದರೆ ಎಲ್ಲರೂ ಇವರನ್ನು ಗೌರವಿಸಲೇಬೇಕು ಎಂಬ ಅರ್ಥದ ಮಾತು. ರಿವ್ಲಿನ್ ಕೂಡ ಲಿಕುಡ್‌ನವರು, ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ತೀನ್ ದೇಶ ಬೇಡ ಎನ್ನುತ್ತಿದ್ದವರು.

ಮೂರು ತಿಂಗಳ ನಂತರ, ನವೆಂಬರ್ 29ರ ರಾತ್ರಿ, ಜೆರುಸಲೇಮಿನಲ್ಲಿ ಅರಬ್ ಮತ್ತು ಯೆಹೂದಿ ಮಕ್ಕಳು ಒಟ್ಟಿಗೆ ಎರಡೂ ಭಾಷೆಯಲ್ಲಿ ಕಲಿಯುವ ಹ್ಯಾಂಡ್ ಇನ್ ಹ್ಯಾಂಡ್ ಶಾಲೆಗೆ ಬೆಂಕಿ ಬಿತ್ತು. ಒಂದನೇ ಕ್ಲಾಸಿನ ಕೋಣೆ ಸುಟ್ಟುಹೋಯಿತು. ಗೋಡೆ ಮೇಲೆ 'ಕಹಾನೆ ಹೇಳಿದ್ದೇ ಸರಿ' ಎಂದು ಬರೆದಿತ್ತು. ಸಿಕ್ಕಿಬಿದ್ದ ಮೂವರೂ ಲೆಹಾವಾದ ಕಾರ್ಯಕರ್ತರು, ಮೂವರಿಗೂ ಜೈಲಾಯಿತು, ಅವರಲ್ಲಿ ಇಬ್ಬರು ಅಣ್ಣತಮ್ಮಂದಿರ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಹೆಚ್ಚಿಸಿತು. ಸಂಘಟನೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಗೋಪ್‌ಸ್ಟೀನ್ ಹೇಳಿದ. ಆರು ವರ್ಷದ ಮಕ್ಕಳು ಅಕ್ಷರ ಕಲಿಯುವ ಕೋಣೆಯಲ್ಲಿ ಯಾರ ಮದುವೆಯೂ ನಡೆಯುತ್ತಿರಲಿಲ್ಲ. ಭೇಟಿಯೇ ಆಗಬಾರದು ಎಂದೆನಲ್ಲ, ಅದು ಇಲ್ಲಿಗೆ ಬಂದು ಮುಟ್ಟಿತು. ಈ ಘಟನೆ ಬಗ್ಗೆ ಬರೆಯುವಾಗ ನನಗೆ ಈಗಲೂ ಕೈ ತಡೆಯುತ್ತದೆ.

ಈಗ ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಯಾದ್ ಲ್‌ಆಖಿಮ್ ಎಂಬ ಹಳೆಯ ಸಂಸ್ಥೆ ಇದೆ, 1950ರಲ್ಲಿ ಶುರುವಾದದ್ದು, ಕ್ರೈಸ್ತ ಮಿಷನರಿಗಳನ್ನು ವಿರೋಧಿಸುವುದು ಅದರ ಒಂದು ಕೆಲಸ. ಅದು ಅರಬ್ ಊರುಗಳಿಂದ ಯೆಹೂದಿ ಹೆಂಗಸರನ್ನು, ಅವರ ಮಕ್ಕಳನ್ನು 'ರಕ್ಷಿಸಿ' ತರುವ ಕಾರ್ಯಾಚರಣೆ ನಡೆಸುತ್ತದೆ. ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಗಂಡನ ಹೊಡೆತ ತಾಳಲಾರದೆ, ತವರಿನವರೂ ಕೈಬಿಟ್ಟು, ಹೊರಗೆ ಬರಲು ದಾರಿ ಕಾಣದೆ ಇದ್ದ ಹೆಂಗಸರು ಇದ್ದಾರೆ, ಅಂಥವರಿಗೆ ಸಹಾಯ ಸಿಕ್ಕಿದ್ದರೆ ಒಳ್ಳೆಯದೇ. ಆದರೆ ಹೊಡೆಯುವ ಗಂಡ ಯಾವ ಧರ್ಮದಲ್ಲಿ ಇಲ್ಲ? ಯೆಹೂದಿ ಗಂಡ ಹೊಡೆದರೆ ಬಾರದ ಕಾರ್ಯಪಡೆ ಅರಬ್ ಗಂಡ ಹೊಡೆದರೆ ಮಾತ್ರ ಬರುತ್ತದೆ ಅಂದಮೇಲೆ ಅವರ ಚಿಂತೆ ಆ ಹೆಂಗಸಿನ ಬಗ್ಗೆ ಅಲ್ಲ. ಲೆಹಾವಾ ಇನ್ನೂ ಮುಂದೆ ಹೋಗುತ್ತದೆ. ಅವರ ಭಾಷಣಗಳಲ್ಲಿ ಯೆಹೂದಿ ಹುಡುಗಿ ಯಾವಾಗಲೂ ಮೋಸಹೋದವಳು, ಉಡುಗೊರೆಗೆ ಬಿದ್ದವಳು, ಮನೆಯಲ್ಲಿ ಪ್ರೀತಿ ಸಿಗದವಳು. ಅವಳು ಬುದ್ಧಿ ಇರುವ, ಯೋಚನೆ ಮಾಡಿ ಒಬ್ಬನನ್ನು ಒಪ್ಪಿದ ಹೆಣ್ಣು ಆಗಿರಲು ಸಾಧ್ಯವೇ ಇಲ್ಲ. ಅರಬ್ ಹುಡುಗ ಯಾವಾಗಲೂ ಬಲೆ ಹಾಕಿದವನು. ಯೆಹೂದಿ ಹುಡುಗ ಅರಬ್ ಹುಡುಗಿಯನ್ನು ಪ್ರೀತಿಸಿದರೆ ಈ ಕಥೆ ಕೂರುವುದೇ ಇಲ್ಲ. ಆದರೂ 2018ರಲ್ಲಿ ಟಿವಿ ನಿರೂಪಕಿ ಲೂಸಿ ಅಹರೀಶ್, ಮುಸ್ಲಿಂ ಕುಟುಂಬದವರು, ಯೆಹೂದಿ ನಟ ತ್ಸಾಹಿ ಹಲೇವಿಯನ್ನು ಮದುವೆಯಾದಾಗ, ಬೀದಿಯ ಹುಡುಗರ ಮಾತು ಹಾಗಿರಲಿ, ಆಗಿನ ಆಂತರಿಕ ವ್ಯವಹಾರಗಳ ಮಂತ್ರಿ ಆರ್ಯೆ ದೆರಿಯೇ ರೇಡಿಯೊದಲ್ಲಿ ಆಕ್ಷೇಪ ಎತ್ತಿದರು.

ಇದಕ್ಕೆ ಧರ್ಮದ ಆಧಾರ ಕೇಳಿದರೆ ಉಗ್ರರು ಅರಣ್ಯಕಾಂಡದ 25ನೇ ಅಧ್ಯಾಯದ ಫೀನೆಹಾಸನನ್ನು ಮುಂದೆ ತರುತ್ತಾರೆ. ಮಿದ್ಯಾನಿನ ಹೆಣ್ಣಿನ ಜೊತೆಗಿದ್ದ ಇಸ್ರಾಯೇಲ್ಯನನ್ನೂ ಅವಳನ್ನೂ ಈಟಿಯಿಂದ ತಿವಿದು ಕೊಂದವನು ಆತ, ದೇವರು ಅವನನ್ನು ಮೆಚ್ಚಿದ ಎಂದೇ ಬೈಬಲಿನಲ್ಲಿದೆ. ಆದರೆ ಯೆಹೂದಿ ಪಂಡಿತರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಈ ಕಥೆಯ ಎದುರು ಹಿಂಜರಿದಿದ್ದಾರೆ. ಇಂಥ ಕೆಲಸ ಮಾಡಲಾ ಎಂದು ಯಾರಾದರೂ ಬಂದು ಕೇಳಿದರೆ ಮಾಡು ಎಂದು ಹೇಳಿಕೊಡಬಾರದು, ಇದು ಯೆಹೂದಿ ಧರ್ಮಚರ್ಚೆಗಳ ಹಳೆಯ ಗ್ರಂಥವಾದ ಬಾಬಿಲೋನಿನ ತಾಲ್ಮುದ್‌ನ ಮಾತು. ಫೀನೆಹಾಸ ಮಾಡಿದ್ದು ಪಂಡಿತರಿಗೆ ಒಪ್ಪಿಗೆಯಿರಲಿಲ್ಲ, ಅವನಿಗೆ ಬಹಿಷ್ಕಾರ ಹಾಕಲು ಹೊರಟಿದ್ದರು ಎಂದು ಜೆರುಸಲೇಮ್ ತಾಲ್ಮುದ್ ಹೇಳುತ್ತದೆ. ಧರ್ಮ ಹೇಳುತ್ತದಲ್ಲ ಎಂದು ನೀವು ಕೇಳಿದ್ದಕ್ಕೆ ನನ್ನ ನೇರ ಉತ್ತರ ಇಲ್ಲಿದೆ: ಮದುವೆ ಬೇಡ ಎಂದು ಧರ್ಮ ಹೇಳುತ್ತದೆ, ಆದರೆ ಆ ಮಾತನ್ನು ಜಾರಿ ಮಾಡಲು ಬೀದಿಗೆ ಇಳಿಯುವವನಿಗೆ ಅದೇ ಧರ್ಮದ ಹಿರಿಯರು ಬೆನ್ನು ತಟ್ಟಲಿಲ್ಲ.

ದೇಶದ ಕಾನೂನೂ ಇದಕ್ಕೆ ನೀರೆರೆದಿದೆ, ಅದನ್ನು ಬಿಡುವ ಹಾಗಿಲ್ಲ. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆ ಇದೆ. 30 ದಿನದ ನೋಟಿಸು, ಮನೆಯವರ ಕಾಟ ಏನೇ ಇರಲಿ, ಧರ್ಮ ಬದಲಿಸದೆ ರಿಜಿಸ್ಟ್ರಾರ್ ಮುಂದೆ ಮದುವೆಯಾಗುವ ದಾರಿ ಒಂದಿದೆ. ಇಸ್ರೇಲಿನಲ್ಲಿ ಎಲ್ಲರಿಗೂ ಇರುವಂಥ ಸಿವಿಲ್ ಮದುವೆಯೇ ಇಲ್ಲ. ಆಟೊಮನ್ ತುರ್ಕರ ಕಾಲದ ಪದ್ಧತಿ, ಬ್ರಿಟಿಷರು ಉಳಿಸಿದರು, 1953ರ ಕಾನೂನು ಯೆಹೂದಿಗಳ ಮದುವೆ ವಿಚ್ಛೇದನವನ್ನು ರಬ್ಬಿ ನ್ಯಾಯಾಲಯದ ಕೈಗೆ ಕೊಟ್ಟಿತು. ಮುಸ್ಲಿಮರಿಗೆ ಶರಿಯಾ ಕೋರ್ಟು, ಕ್ರೈಸ್ತರಿಗೆ ಅವರವರ ಚರ್ಚು. ಬೇರೆ ಬೇರೆ ಧರ್ಮದವರು ಮದುವೆಯಾಗಬೇಕಾದರೆ ಸಾಮಾನ್ಯವಾಗಿ ಒಬ್ಬರು ಮತಾಂತರವಾಗಬೇಕು, ಇಲ್ಲವೇ ಸೈಪ್ರಸ್‌ಗೆ ವಿಮಾನ ಹತ್ತಬೇಕು. ವಿದೇಶದಲ್ಲಾದ ಮದುವೆಯನ್ನು ಸರ್ಕಾರ ನೋಂದಾಯಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿದೆ. ಅಮೆರಿಕದ ಯೂಟಾ ರಾಜ್ಯದ ಮೂಲಕ ಆನ್‌ಲೈನ್‌ನಲ್ಲಿ ಆದ ಮದುವೆಗಳಿಗೂ 2023ರಲ್ಲಿ ಅದೇ ಮಾನ್ಯತೆ ಸಿಕ್ಕಿತು. ಸಿವಿಲ್ ಮದುವೆ ಇಲ್ಲದ ಈ ಪದ್ಧತಿಯಿಂದ ಕಷ್ಟ ಪಡುವವರಲ್ಲಿ ಬಹುಪಾಲು ಯೆಹೂದಿ–ಅರಬ್ ಜೋಡಿಗಳಲ್ಲ. ಸೋವಿಯತ್ ಒಕ್ಕೂಟದಿಂದ ಬಂದವರು. ಅಜ್ಜನೋ ಅಜ್ಜಿಯೋ ಒಬ್ಬರು ಯೆಹೂದಿಯಾಗಿದ್ದರೂ ಸಾಕು, ಪೌರತ್ವ ಸಿಗುತ್ತದೆ, ಆದರೆ ತಾಯಿ ಯೆಹೂದಿಯಲ್ಲದಿದ್ದರೆ ರಬ್ಬಿಗಳ ಲೆಕ್ಕದಲ್ಲಿ ಯೆಹೂದಿಯಲ್ಲ. ಅಂಥವರು ಲಕ್ಷಗಟ್ಟಲೆ ಇದ್ದಾರೆ, ಸೈನ್ಯದಲ್ಲಿ ದುಡಿಯುತ್ತಾರೆ, ತೆರಿಗೆ ಕಟ್ಟುತ್ತಾರೆ, ತಮ್ಮ ದೇಶದಲ್ಲೇ ಯೆಹೂದಿಯನ್ನು ಮದುವೆಯಾಗುವಂತಿಲ್ಲ. ಯೆಹೂದಿಯಲ್ಲದವರ ಜೊತೆ ಸಂಸಾರ ಮಾಡುವ ಇಸ್ರೇಲಿ ಯೆಹೂದಿಗಳಲ್ಲಿ ಹೆಚ್ಚಿನವರ ಸಂಗಾತಿಗಳು ಇವರೇ. ಆದರೂ ಘೋಷಣೆ ಕೂಗುವುದು ಅರಬ್ ಹುಡುಗನ ಛತ್ರದ ಮುಂದೆ. ರಕ್ತಶುದ್ಧಿಯ ಚಿಂತೆಯೇ ದೊಡ್ಡದಾಗಿದ್ದರೆ ಹೀಗೆ ಇರುತ್ತಿರಲಿಲ್ಲ, ಅಲ್ವಾ?

ಈ ಶುದ್ಧಿಯ ಪರೀಕ್ಷೆಯ ಬಿಸಿ ನಮ್ಮ ಪಕ್ಕದ ಕೊಂಕಣದಿಂದ ಹೋದವರಿಗೂ ತಟ್ಟಿದೆ. ಮರಾಠಿ ಮಾತಾಡುವ ಬೆನೆ ಇಸ್ರೇಲ್ ಯೆಹೂದಿಗಳು 1950ರ ದಶಕದಲ್ಲಿ ಮುಂಬಯಿಯಿಂದ ಇಸ್ರೇಲಿಗೆ ಹೋದರು. 1960ರ ದಶಕದ ಆರಂಭದಲ್ಲಿ ಅಲ್ಲಿನ ಮುಖ್ಯ ರಬ್ಬಿಗಳ ಕಚೇರಿ, ಇವರನ್ನು ಬೇರೆ ಯೆಹೂದಿಗಳು ಮದುವೆಯಾಗುವ ಮೊದಲು ವಂಶಾವಳಿ ಕೆದಕಿ ನೋಡಬೇಕು ಎಂದು ಸುತ್ತೋಲೆ ಹೊರಡಿಸಿತು. ಶತಮಾನಗಳಿಂದ ಶನಿವಾರ ಗಾಣ ನಿಲ್ಲಿಸಿ ಸಬ್ಬತ್ ಆಚರಿಸಿದ ಜನ, ಊರಿನಲ್ಲಿ 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಎಂದೇ ಹೆಸರಾದವರು, ನೀವು ನಿಜವಾದ ಯೆಹೂದಿಗಳಾ ಅಂತ ಕೇಳಿಸಿಕೊಂಡರು. ಜೆರುಸಲೇಮಿನಲ್ಲಿ ಧರಣಿ ಕೂತರು. 1964ರಲ್ಲಿ ಕ್ನೆಸೆಟ್ ಮತ್ತು ಪ್ರಧಾನಿ ಲೇವಿ ಎಶ್ಕೋಲ್ ಅವರ ಪರ ನಿಂತ ಮೇಲೆ ಸುತ್ತೋಲೆ ಬದಲಾಯಿತು.

ಈಗ ನಿಷೇಧದ ಪ್ರಶ್ನೆ. ಪ್ರಯತ್ನ ನಡೆದೇ ಇಲ್ಲ ಅಂತಲ್ಲ. ಗೋಪ್‌ಸ್ಟೀನ್ ಮೇಲೆ ಕೇಸು ಹಾಕಿ ಎಂದು ರಿಫಾರ್ಮ್, ಅಂದರೆ ಸುಧಾರಣಾವಾದಿ ಯೆಹೂದಿಗಳ ಕಾನೂನು ಸಂಸ್ಥೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಿತು, 2019ರ ನವೆಂಬರ್‌ನಲ್ಲಿ ಹಿಂಸೆ, ಜನಾಂಗ ದ್ವೇಷ, ಭಯೋತ್ಪಾದನೆಗೆ ಪ್ರಚೋದನೆ ಎಂಬ ಆರೋಪಗಳು ದಾಖಲಾದವು. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಚುನಾವಣೆಗೆ ನಿಲ್ಲದಂತೆ ತಡೆದಿತ್ತು. ತಾಗ್ ಮೆಯಿರ್ ಎಂಬ ಗುಂಪು, ಅದರಲ್ಲಿ ಟೋಪಿ ಹಾಕುವ ಧಾರ್ಮಿಕ ಯೆಹೂದಿಗಳೇ ಬಹಳ ಜನ, ಉಗ್ರರು ಎಲ್ಲೆಲ್ಲಿ ಬೆಂಕಿ ಇಟ್ಟರೋ ಅಲ್ಲಿಗೆ ಹೋಗಿ ಸಂತ್ರಸ್ತರ ಪಕ್ಕ ಕೂರುತ್ತದೆ. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಆದರೆ ರಾಜಕೀಯ ಬೇರೆ ದಿಕ್ಕಿಗೆ ಹರಿಯಿತು. 2015ರ ಕೊನೆಗೆ ಶಿಕ್ಷಣ ಇಲಾಖೆ, ಇಸ್ರೇಲಿ ಯುವತಿ ಮತ್ತು ಪ್ಯಾಲೆಸ್ತೀನಿ ಯುವಕನ ಪ್ರೇಮದ ಒಂದು ಕಾದಂಬರಿಯನ್ನು ಹೈಸ್ಕೂಲಿನ ಪಟ್ಟಿಗೆ ಸೇರಿಸಲು ಒಪ್ಪಲಿಲ್ಲ. ಇಂಥ ಸಂಬಂಧ ಸಮುದಾಯದ ಪ್ರತ್ಯೇಕ ಗುರುತಿಗೆ ಅಪಾಯ ಎಂದು ಮಕ್ಕಳು ಓದುವಾಗ ಅನೇಕರಿಗೆ ಅನ್ನಿಸಬಹುದು ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. 2021ರ ಏಪ್ರಿಲ್‌ನಲ್ಲಿ, ರಂಜಾನ್ ತಿಂಗಳಲ್ಲಿ, ಲೆಹಾವಾ ಜೆರುಸಲೇಮಿನ ಡಮಾಸ್ಕಸ್ ಬಾಗಿಲಿನ ಕಡೆ ಮೆರವಣಿಗೆ ನಡೆಸಿತು, ಆ ರಾತ್ರಿಯ ಘರ್ಷಣೆಯಲ್ಲಿ ನೂರಕ್ಕೂ ಹೆಚ್ಚು ಪ್ಯಾಲೆಸ್ತೀನಿಗಳು ಗಾಯಗೊಂಡರು. ಅದಕ್ಕೆ ಒಂದು ತಿಂಗಳ ಮುಂಚೆ ಇತಮಾರ್ ಬೆನ್ ಗ್ವಿರ್ ಸಂಸತ್ತಿಗೆ ಗೆದ್ದಿದ್ದ. ಹುಡುಗನಾಗಿದ್ದಾಗಲೇ ಕಾಖ್ ಸೇರಿದವನು, ಮನೆಯ ಹಾಲ್‌ನಲ್ಲಿ ಗೋಲ್ಡ್‌ಸ್ಟೀನ್ ಫೋಟೊ ಹಾಕಿಕೊಂಡಿದ್ದವನು, 2007ರಲ್ಲಿ ಜನಾಂಗ ದ್ವೇಷ ಪ್ರಚೋದನೆ ಮತ್ತು ಭಯೋತ್ಪಾದಕ ಸಂಘಟನೆಗೆ ಬೆಂಬಲ ಎಂಬ ಕೇಸಲ್ಲಿ ಶಿಕ್ಷೆಯಾದವನು. ಆಮೇಲೆ ವಕೀಲನಾಗಿ ಗೋಪ್‌ಸ್ಟೀನ್ ಪರ ವಾದಿಸಿದವನು. 2022ರ ನವೆಂಬರ್‌ನಲ್ಲಿ ಅವನ ಪಕ್ಷವಿದ್ದ ಕೂಟಕ್ಕೆ 14 ಸೀಟು ಬಂತು, ಡಿಸೆಂಬರ್ 29ರಂದು ಅವನು ರಾಷ್ಟ್ರೀಯ ಭದ್ರತಾ ಮಂತ್ರಿಯಾದ. ಪೊಲೀಸ್ ಇಲಾಖೆ ಅವನ ಕೈಗೆ ಬಂತು. ಕಹಾನೆ ಎದ್ದರೆ ಸಭೆ ಖಾಲಿಯಾಗುತ್ತಿತ್ತು ಎಂದೆನಲ್ಲ. ಈಗ ಅವನ ಶಿಷ್ಯ ಇಲ್ಲದೆ ಸರ್ಕಾರ ನಿಲ್ಲುವುದು ಕಷ್ಟ ಎನ್ನುವ ಸ್ಥಿತಿ ಬಂತು.

ಹಾಗಾಗಿ ಕ್ರಮ ಹೊರಗಿನಿಂದ ಬಂತು. 2024ರಲ್ಲಿ ಐರೋಪ್ಯ ಒಕ್ಕೂಟ, ಬ್ರಿಟನ್ ಮತ್ತು ಅಮೆರಿಕ ಮೂರೂ ಲೆಹಾವಾ ಮೇಲೆ ನಿರ್ಬಂಧ ಹಾಕಿದವು. ಹಿಂಸೆಯೇ ಮೂವರೂ ಕೊಟ್ಟ ಮುಖ್ಯ ಕಾರಣ, ಮದುವೆ ಬಗ್ಗೆ ಅದರ ಅಭಿಪ್ರಾಯವಲ್ಲ. ಅಮೆರಿಕದ ನಿರ್ಬಂಧಕ್ಕೆ ಆಧಾರವಾಗಿದ್ದ ಆದೇಶವನ್ನು ಟ್ರಂಪ್ 2025ರ ಜನವರಿ 20ರಂದು, ಅಧಿಕಾರ ವಹಿಸಿದ ದಿನವೇ ರದ್ದು ಮಾಡಿದರು. ಇಸ್ರೇಲಿನೊಳಗೆ ನಿಷೇಧ ಆಗಬೇಕಾದರೆ ಭದ್ರತಾ ಸಂಸ್ಥೆಗಳು ಸಾಕ್ಷಿ ಕಲೆಹಾಕಬೇಕು, ರಕ್ಷಣಾ ಮಂತ್ರಿ ಘೋಷಿಸಬೇಕು, ಅದಕ್ಕೆ ಸಂಪುಟದ ಒಳಗಿಂದ ಬೆಂಬಲ ಬೇಕು. 1994ರಲ್ಲಿ ಸರ್ಕಾರವೇ ಮುಂದೆ ಬಂದು ನಿಷೇಧ ಹಾಕಿತ್ತು. ಬೆನ್ ಗ್ವಿರ್‌ನಂಥವರು ಕೂತಿರುವ ಸಂಪುಟದಲ್ಲಿ ಇವು ಒಟ್ಟಿಗೆ ಸೇರುತ್ತವೆ ಎಂಬ ನಂಬಿಕೆ ನನಗಿಲ್ಲ.